ಕ್ರಿಸ್ಟೋಫೊರಿ: ಹೊಡೆದ ಕೂಡಲೇ ಸರಿಯುವ ಸುತ್ತಿಗೆ

ಪಿಯಾನೊ ಕಂಡುಹಿಡಿದವರು ಯಾರು? ಬಾರ್ಟೊಲೊಮಿಯೊ ಕ್ರಿಸ್ಟೋಫೊರಿ. ಇಷ್ಟು ಎಲ್ಲರೂ ಬರೆಯುತ್ತೇವೆ. ಆತ ಬಿಡಿಸಿದ ಕಗ್ಗಂಟು ಯಾವುದು ಅಂದರೆ ಮಾತ್ರ ತಡವರಿಸುತ್ತೇವೆ. ಈ ಟಿಪ್ಪಣಿ ಹೆಚ್ಚಾಗಿ ಅದರದ್ದೇ.

ಹುಟ್ಟಿದ್ದು 1655ರಲ್ಲಿ, ಇಟಲಿಯ ಪಾಡುವಾದಲ್ಲಿ. 1688ರಲ್ಲಿ ಫ್ಲಾರೆನ್ಸಿನ ರಾಜಕುಮಾರ ಫರ್ಡಿನಾಂಡೊ ಮೆದಿಚಿಯ ಬಳಿ ಕೆಲಸಕ್ಕೆ ಸೇರಿದ. ಆ ಮನೆತನದ ವಾದ್ಯಗಳ 1700ರ ಪಟ್ಟಿಯಲ್ಲಿ, ಮೆಲ್ಲಗೂ ಜೋರಾಗಿಯೂ ನುಡಿಯುವ ಹೊಸ ವಾದ್ಯವೊಂದರ ನಮೂದಿದೆ. ಇಟಾಲಿಯನ್ನಿನಲ್ಲಿ ಮೆಲ್ಲಗೆ ಅಂದರೆ 'ಪಿಯಾನೊ'. ಹೆಸರು ಬಂದದ್ದು ಅಲ್ಲಿಂದ.

ಪಿಯಾನೊಗಿಂತ ಮುಂಚಿನ ಕೀಮಣೆ ವಾದ್ಯ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತದೆ. ಕೀಯನ್ನು ಮೆಲ್ಲಗೆ ಒತ್ತಿ, ಕುಟ್ಟಿ, ಸದ್ದು ಹೆಚ್ಚುಕಡಿಮೆ ಅಷ್ಟೇ. ಸರಿ, ಮೀಟುವ ಬದಲು ಹೊಡೆದರಾಯಿತಲ್ಲ? ತೊಡಕಿರುವುದೇ ಅಲ್ಲಿ. ಜಾಗಟೆಗೆ ಹೊಡೆದು ಕೋಲನ್ನು ಅಲ್ಲೇ ಒತ್ತಿಹಿಡಿದು ನೋಡಿ: ಠಪ್ ಅಂದು ನಾದ ಸತ್ತುಹೋಗುತ್ತದೆ. ಬೆರಳು ಕೀ ಮೇಲಿರುವಾಗಲೇ ಸುತ್ತಿಗೆ ತಂತಿ ಬಿಟ್ಟು ಕೆಳಗಿಳಿಯಬೇಕು.

ಅದಕ್ಕೇ ಕ್ರಿಸ್ಟೋಫೊರಿ ಕೀಗೂ ಸುತ್ತಿಗೆಗೂ ನೇರ ಸಂಬಂಧ ಇಡಲಿಲ್ಲ. ಕೀ ಮೇಲಿನ ಪುಟ್ಟ ಕಡ್ಡಿ ನಡುವಿನ ಸನ್ನೆಯನ್ನು ಎತ್ತುತ್ತದೆ, ಸನ್ನೆ ಸುತ್ತಿಗೆಯನ್ನು ಚಿಮ್ಮಿಸುತ್ತದೆ, ಸುತ್ತಿಗೆ ತಂತಿ ಮುಟ್ಟುವಷ್ಟರಲ್ಲಿ ಕಡ್ಡಿ ಜಾರಿಕೊಂಡಿರುತ್ತದೆ. ಕೊನೆಯ ಕೂದಲೆಳೆಯಷ್ಟು ದೂರ ಸುತ್ತಿಗೆ ಸ್ವಂತ ವೇಗದಲ್ಲೇ ಹೋಗುತ್ತದೆ. ಆ ವೇಗ ಕೊಟ್ಟದ್ದು ಬೆರಳು. ವಾಪಸು ಬಿದ್ದ ಸುತ್ತಿಗೆ ಪುಟಿದು ಮತ್ತೆ ಬಡಿಯದಂತೆ ಹಿಡಿದುಕೊಳ್ಳುವುದಕ್ಕೂ ಏರ್ಪಾಡು ಮಾಡಿದ್ದಾನೆ.

ಸುತ್ತಿಗೆ ಅಂದಕೂಡಲೇ ಗಟ್ಟಿ ಮರದ ತುಂಡು ಅಂದುಕೊಳ್ಳಬೇಡಿ. ಕಾಗದದಂಥ ಹಾಳೆಯನ್ನು ಸುರುಳಿ ಸುತ್ತಿ ಅಂಟಿಸಿದ ಟೊಳ್ಳು ಬಳೆ, ತಂತಿಗೆ ತಾಗುವ ಕಡೆ ಮೆತ್ತನೆಯ ಚರ್ಮದ ಪಟ್ಟಿ.

ಆತ ಮಾಡಿದ್ದರಲ್ಲಿ ಉಳಿದಿರುವ ಪಿಯಾನೊಗಳು ಮೂರೇ: 1720ರದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ, 1722ರದ್ದು ರೋಮಿನಲ್ಲಿ, 1726ರದ್ದು ಲೈಪ್‌ಜಿಗ್ ವಿಶ್ವವಿದ್ಯಾಲಯದ ವಾದ್ಯ ಸಂಗ್ರಹಾಲಯದಲ್ಲಿ. ಹೆಸರುವಾಸಿ ನ್ಯೂಯಾರ್ಕಿನದು. ಆದರೆ ಅದನ್ನು ಬಹಳ ತಿದ್ದಿದ್ದಾರೆ, ತಂತಿಯ ಸದ್ದನ್ನು ಹಿಗ್ಗಿಸುವ ಹಲಗೆಯಾದ ನಾದಫಲಕವನ್ನೇ 1938ರಲ್ಲಿ ಬದಲಾಯಿಸಿದ್ದಾರೆ. ಅದರ ಧ್ವನಿಮುದ್ರಣ ಕೇಳಿ 'ಆಗಿನ ನಾದ ಹೀಗಿತ್ತು' ಎಂದು ಬರೆಯಬೇಡಿ. ಒಳಗಿನ ಕೀಲುಗಳ ಓದಿಗೆ ನನಗೆ ಲೈಪ್‌ಜಿಗ್ಗಿನದೇ ಮೇಲು. ಕೀಗಳು 49, ಈಗಿನ ಪಿಯಾನೊಗೆ 88. ಕೀಮಣೆಯನ್ನೇ ತುಸು ಪಕ್ಕಕ್ಕೆ ಸರಿಸಿದರೆ ಪ್ರತಿ ಸ್ವರದ ಜೋಡಿ ತಂತಿಗಳಲ್ಲಿ ಒಂದಕ್ಕೆ ಮಾತ್ರ ಪೆಟ್ಟು ಬೀಳುತ್ತದೆ.

1720ರ ವಾದ್ಯದ ಮೇಲೆ ಲ್ಯಾಟಿನ್ ಬರಹವೊಂದಿದೆ. ಊರು ಪಾಡುವಾ, ಮಾಡಿದ್ದು ಫ್ಲಾರೆನ್ಸಿನಲ್ಲಿ ಎನ್ನುವುದರ ಜೊತೆಗೆ, ಅರಮನೆಯ ಈ ಸಂಬಳದಾಳು ತನ್ನ ಹೆಸರಿನ ಪಕ್ಕ 'ಇನ್ವೆಂಟರ್', ಅಂದರೆ ಕಂಡುಹಿಡಿದವ, ಎಂದೂ ಬರೆಸಿಕೊಂಡಿದ್ದಾನೆ.