ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಗೆ ಮಾಡ್ ಹಾಕುವುದು: ಕಲಿಯುವವರಿಗೆ ಟಿಪ್ಪಣಿ

ಮಾಡ್ ಎಂದರೆ ಆಟಕ್ಕೆ ಹೊಸದನ್ನು ಸೇರಿಸುವ ಅಥವಾ ಅದರ ನಡೆಯನ್ನು ಬದಲಿಸುವ ಪುಟ್ಟ ಪ್ರೋಗ್ರಾಂ. ಅದು ಬರುವುದು ಜಾರ್ ಫೈಲಾಗಿ, ಅಂದರೆ ಜಾವಾ ಪ್ರೋಗ್ರಾಂ ತುಂಬಿಟ್ಟ ಒಂದು ಕಟ್ಟಾಗಿ. ಆ ಜಾರ್ ಫೈಲನ್ನು ಮಾಡ್ಸ್ ಫೋಲ್ಡರಿಗೆ ಎಳೆದು ಹಾಕಿದರೆ ಮಾಡ್ ಹಾಕಿದಂತಾಯಿತು. ಕೆಲಸ ಇಷ್ಟೇ ಆದರೂ ಹೊಸಬರ ಆಟ ಮುಖಪುಟ ಬರುವ ಮೊದಲೇ ಕ್ರ್ಯಾಶ್ ಆಗುವುದು ತೀರಾ ಸಾಮಾನ್ಯ. ಆಟದ ಆವೃತ್ತಿ, ಮಾಡ್‌ಗಳನ್ನು ಆಟಕ್ಕೆ ಜೋಡಿಸುವ ಮಾಡ್ ಲೋಡರ್, ಜಾವಾ ಆವೃತ್ತಿ ಮತ್ತು ಆ ಮಾಡ್‌ಗೆ ಬೇಕಾದ ಇತರ ಮಾಡ್‌ಗಳು, ಈ ನಾಲ್ಕೂ ಒಂದಕ್ಕೊಂದು ಹೊಂದಬೇಕು. ಬಹುಪಾಲು ದೋಷಗಳು ಇವುಗಳಲ್ಲಿ ಯಾವುದೋ ಒಂದು ಹೊಂದದಿದ್ದಾಗ ಹುಟ್ಟುತ್ತವೆ, ಮತ್ತು ಯಾವುದು ಹೊಂದಿಲ್ಲ ಎಂಬುದನ್ನು ಆಟವೇ ಲಾಗ್ ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಆದ್ದರಿಂದ ಹಂತಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಲಾಗ್ ಓದುವುದನ್ನು ಕಲಿಯುವುದು ಹೆಚ್ಚು ಉಪಯುಕ್ತ.

ಮೊದಲೇ ಒಂದು ಮಾತು. ಇಲ್ಲಿರುವುದೆಲ್ಲ ಕಂಪ್ಯೂಟರಿನ ಜಾವಾ ಎಡಿಷನ್‌ಗೆ ಸಂಬಂಧಿಸಿದ್ದು. ಮೊಬೈಲ್ ಮತ್ತು ಕನ್ಸೋಲ್‌ಗಳಲ್ಲಿ ಓಡುವುದು ಬೆಡ್‌ರಾಕ್ ಎಡಿಷನ್. ಅದನ್ನು ಬೇರೆ ಭಾಷೆಯಲ್ಲಿ ಬರೆದಿದ್ದಾರೆ. ಅಲ್ಲಿ ಆಡ್-ಆನ್‌ಗಳು ನಡೆಯುತ್ತವೆ, ಜಾರ್ ಫೈಲ್ ನಡೆಯುವುದಿಲ್ಲ. ಮೊಬೈಲಿಗೆ ಜಾವಾ ಮಾಡ್ ಇಳಿಸಿಕೊಂಡು ಪರದಾಡುವವರು ಇದೊಂದನ್ನು ತಿಳಿದರೆ ಸಾಕು.

ಲೋಡರ್ ಏನು ಮಾಡುತ್ತದೆ

ಮೈನ್‌ಕ್ರಾಫ್ಟ್ ಜಾವಾ ಎಂದರೆ ಸಾವಿರಾರು ಜಾವಾ ಕ್ಲಾಸ್‌ಗಳನ್ನು (ಪ್ರೋಗ್ರಾಂನ ತುಣುಕುಗಳನ್ನು) ತುಂಬಿಟ್ಟ ಒಂದು ಜಾರ್. ಹಿಂದೆ ಮಾಡ್ ಹಾಕುವವರು ಆ ಜಾರನ್ನೇ ತೆರೆದು, ಒಳಗಿನ ಕ್ಲಾಸ್ ಫೈಲ್‌ಗಳನ್ನು ಬದಲಿಸಿ, ಮೆಟಾ-ಇನ್ಫ್ ಫೋಲ್ಡರನ್ನು ಅಳಿಸುತ್ತಿದ್ದರು. ಆ ಫೋಲ್ಡರಿನಲ್ಲಿ ಮೂಲ ಫೈಲ್‌ಗಳ ಡಿಜಿಟಲ್ ಸಹಿ ಇರುತ್ತಿತ್ತು. ಅದು ಉಳಿದರೆ ಬದಲಾದ ಕ್ಲಾಸ್ ಸಹಿಗೆ ತಾಳೆಯಾಗದೆ ಆಟ ನಿಲ್ಲುತ್ತಿತ್ತು. ಈಗಲೂ ಮೆಟಾ-ಇನ್ಫ್ ಅಳಿಸಿ ಎನ್ನುವ ಹಳೆಯ ವಿಡಿಯೊಗಳು ಸಿಗುತ್ತವೆ, ಅವನ್ನು ಅನುಸರಿಸಬೇಡಿ.

ಇಂದಿನ ಲೋಡರ್ ಆಟದ ಜಾರನ್ನು ಮುಟ್ಟುವುದೇ ಇಲ್ಲ. ಆಟ ಶುರುವಾಗುವಾಗ ಪ್ರತಿ ಕ್ಲಾಸ್ ಮೆಮೊರಿಗೆ ಬರುತ್ತದಲ್ಲ, ಆ ಘಳಿಗೆಯಲ್ಲಿ ಮಾಡ್ ಹೇಳಿದ ಬದಲಾವಣೆಯನ್ನು ಅದರೊಳಗೆ ಸೇರಿಸುತ್ತದೆ. ಇದಕ್ಕೆ ಹೆಚ್ಚಾಗಿ ಬಳಸುವ ವಿಧಾನದ ಹೆಸರು ಮಿಕ್ಸಿನ್. ಮಾಡ್ ತೆಗೆದರೆ ಆಟ ಮೊದಲಿನಂತಾಗುವುದು ಇದರಿಂದಲೇ. ಆದರೆ ಮಾಡ್ ಕೈಹಾಕುವುದು ಆಟದ ಒಳಗಿನ ಫಂಕ್ಷನ್‌ಗಳಿಗೆ. ಅವು ಮುಂದೆಯೂ ಹಾಗೆಯೇ ಇರುತ್ತವೆ ಎಂದು ಯಾರೂ ಮಾತು ಕೊಟ್ಟಿಲ್ಲ. ಆದ್ದರಿಂದಲೇ ಆಟದ ಸಣ್ಣ ಅಪ್‌ಡೇಟ್ ಬಂದರೂ ಮಾಡ್ ಮುರಿಯಬಹುದು. 1.20.1ಕ್ಕೆ ಬರೆದ ಮಾಡ್ 1.20.4ರಲ್ಲಿ ನಡೆಯುತ್ತದೆ ಎಂದು ಊಹಿಸಬಾರದು.

ಹೆಚ್ಚು ಬಳಕೆಯಲ್ಲಿರುವ ಲೋಡರ್‌ಗಳು ಮೂರು. ಫೋರ್ಜ್ 2011ರಿಂದ ಇದೆ, ದೊಡ್ಡ ದೊಡ್ಡ ಮಾಡ್‌ಗಳು ಅದರ ಮೇಲೇ ಬೆಳೆದವು. 2018ರಲ್ಲಿ ಬಂದ ಫ್ಯಾಬ್ರಿಕ್ ಹಗುರ, ಹೊಸ ಆವೃತ್ತಿಗಳಿಗೆ ಬೇಗ ಹೊಂದಿಕೊಳ್ಳುತ್ತದೆ. ನಿಯೋಫೋರ್ಜ್ 2023ರಲ್ಲಿ ಫೋರ್ಜ್‌ನಿಂದ ಕವಲೊಡೆದದ್ದು. 1.20.1ರ ಮಟ್ಟಿಗೆ ಅದು ಫೋರ್ಜ್ ಮಾಡ್‌ಗಳನ್ನು ಬಹುಮಟ್ಟಿಗೆ ನಡೆಸುತ್ತದೆ, ಆಮೇಲಿನ ಆವೃತ್ತಿಗಳಲ್ಲಿ ಎರಡರ ದಾರಿ ಬೇರೆಯಾಗಿದೆ. ಯಾವ ಲೋಡರ್ ಒಳ್ಳೆಯದು ಎಂಬ ವಾದಕ್ಕೆ ಕೊನೆಯಿಲ್ಲ. ನಿಮಗೆ ಬೇಕಾದ ಮಾಡ್‌ಗಳ ಪಟ್ಟಿ ಮೊದಲು ಬರೆದುಕೊಳ್ಳಿ, ಅವೆಲ್ಲವೂ ಯಾವ ಲೋಡರಿಗೆ, ಯಾವ ಆವೃತ್ತಿಗೆ ಸಿಗುತ್ತವೆ ಎಂದು ನೋಡಿ, ಅದನ್ನೇ ಆರಿಸಿ. ಲೋಡರ್ ಮೊದಲು ಹಾಕಿ ಮಾಡ್ ಆಮೇಲೆ ಹುಡುಕುವುದು ತಿರುವುಮುರುವು ಕ್ರಮ.

ಹಾಕುವ ಕ್ರಮ: 1.20.1, ಫ್ಯಾಬ್ರಿಕ್

ಅಧಿಕೃತ ಲಾಂಚರಿನಲ್ಲಿ 1.20.1 ಆವೃತ್ತಿಯನ್ನು ಮಾಡ್ ಇಲ್ಲದೆ ಒಮ್ಮೆ ಆಡಿಸಿ, ಮುಖಪುಟ ಬಂದ ಮೇಲೆ ಮುಚ್ಚಿ. ಇದರಿಂದ ಬೇಕಾದ ಫೋಲ್ಡರ್‌ಗಳು ತಯಾರಾಗುತ್ತವೆ, ಜೊತೆಗೆ ಮಾಡ್ ಇಲ್ಲದ ಆಟ ನಿಮ್ಮ ಯಂತ್ರದಲ್ಲಿ ಸರಿಯಾಗಿ ಓಡುತ್ತದೆ ಎಂಬುದೂ ಖಾತ್ರಿಯಾಗುತ್ತದೆ. ಈ ಹೆಜ್ಜೆ ಬಿಟ್ಟರೆ ಮುಂದೆ ತಪ್ಪು ಮಾಡ್‌ನದೋ ಗ್ರಾಫಿಕ್ಸ್ ಡ್ರೈವರಿನದೋ ಎಂದು ಹೇಳಲಾಗುವುದಿಲ್ಲ.

ಲಾಂಚರ್ ಪೂರ್ತಿ ಮುಚ್ಚಿ, ಫ್ಯಾಬ್ರಿಕ್‌ನ ಸ್ವಂತ ತಾಣದಿಂದ ಇನ್‌ಸ್ಟಾಲರ್ ಇಳಿಸಿ. ವಿಂಡೋಸ್‌ನಲ್ಲಿ ಇಎಕ್ಸ್‌ಇ ಸಾಕು. ಜಾರ್ ರೂಪದ ಇನ್‌ಸ್ಟಾಲರಿಗೆ ಯಂತ್ರದಲ್ಲಿ ಜಾವಾ ಪ್ರತ್ಯೇಕವಾಗಿ ಇರಬೇಕು, ಮತ್ತು ಜಿಪ್ ತೆರೆಯುವ ಯಾವುದಾದರೂ ಸಾಫ್ಟ್‌ವೇರ್ ಜಾರ್ ಫೈಲ್‌ಗಳನ್ನು ತನ್ನದಾಗಿಸಿಕೊಂಡಿದ್ದರೆ ಡಬಲ್ ಕ್ಲಿಕ್ ಮಾಡಿದಾಗ ಇನ್‌ಸ್ಟಾಲರ್ ಬದಲು ಅದೇ ತೆರೆದುಕೊಳ್ಳುತ್ತದೆ. ಇನ್‌ಸ್ಟಾಲರಿನಲ್ಲಿ ಕ್ಲೈಂಟ್ ಟ್ಯಾಬ್, ಆಟದ ಆವೃತ್ತಿ 1.20.1, ಲೋಡರ್ ಆವೃತ್ತಿ ಅದು ತಾನೇ ತೋರಿಸುವ ಹೊಸದು, ಪ್ರೊಫೈಲ್ ರಚಿಸು ಎಂಬಲ್ಲಿ ಗುರುತು, ಆಮೇಲೆ ಇನ್‌ಸ್ಟಾಲ್. ಲಾಂಚರ್ ಮತ್ತೆ ತೆರೆದರೆ ಫ್ಯಾಬ್ರಿಕ್ ಹೆಸರಿನ ಹೊಸ ಪ್ರೊಫೈಲ್ ಕಾಣುತ್ತದೆ. ಅದನ್ನೂ ಒಮ್ಮೆ ಖಾಲಿಯಾಗಿಯೇ ಆಡಿಸಿ ಮುಚ್ಚಿ.

ಈಗ ಮಾಡ್ಸ್ ಫೋಲ್ಡರ್. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಶೇಕಡಾ ಚಿಹ್ನೆಗಳ ನಡುವೆ ಆಪ್‌ಡೇಟಾ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ರೋಮಿಂಗ್ ಫೋಲ್ಡರ್ ತೆರೆಯುತ್ತದೆ. ಅದರಲ್ಲಿ ಚುಕ್ಕಿಯಿಂದ ಶುರುವಾಗುವ ಮೈನ್‌ಕ್ರಾಫ್ಟ್ ಫೋಲ್ಡರ್, ಅದರೊಳಗೆ ಮಾಡ್ಸ್. ಲಿನಕ್ಸ್‌ನಲ್ಲಿ ಇದು ಹೋಮ್ ಫೋಲ್ಡರಿನಲ್ಲೇ ಇರುತ್ತದೆ, ಆದರೆ ಚುಕ್ಕಿಯ ಹೆಸರಾದ್ದರಿಂದ ಅಡಗಿರುತ್ತದೆ. ಮ್ಯಾಕ್‌ನಲ್ಲಿ ಲೈಬ್ರರಿಯ ಒಳಗೆ ಅಪ್ಲಿಕೇಶನ್ ಸಪೋರ್ಟ್‌ನಲ್ಲಿ ಹುಡುಕಿ, ಅಲ್ಲಿ ಹೆಸರಿನ ಮುಂದೆ ಚುಕ್ಕಿ ಇಲ್ಲ.

ಮೊದಲು ಹಾಕಬೇಕಾದದ್ದು ಫ್ಯಾಬ್ರಿಕ್ ಎಪಿಐ. ಇದು ಲೋಡರ್ ಅಲ್ಲ, ಪ್ರತ್ಯೇಕ ಮಾಡ್. ಲೋಡರ್ ಹಾಕಿದಾಗ ಇದು ತಾನಾಗಿ ಬರುವುದಿಲ್ಲ, ಆದರೆ ಬಹುತೇಕ ಫ್ಯಾಬ್ರಿಕ್ ಮಾಡ್‌ಗಳಿಗೆ ಇದು ಬೇಕು. ಹೊಸಬರ ಮೊದಲ ದೋಷ ಬಹಳ ಸಲ ಇಲ್ಲೇ. ಫೈಲ್ ಹೆಸರಿನಲ್ಲಿ ಕೂಡು ಚಿಹ್ನೆಯ ನಂತರ ಇರುವ ಸಂಖ್ಯೆ ಆಟದ ಆವೃತ್ತಿ, ಮುಂಚೆ ಇರುವುದು ಮಾಡ್‌ನ ಸ್ವಂತ ಆವೃತ್ತಿ. ಅಲ್ಲಿ 1.20.1 ಇದೆಯೇ ಎಂದು ನೋಡಿ. ಆಮೇಲೆ ನಿಮಗೆ ಬೇಕಾದ ಮಾಡ್: ಕಡಿಮೆ ಸಾಮರ್ಥ್ಯದ ಲ್ಯಾಪ್‌ಟಾಪ್ ಆದರೆ ಚಿತ್ರ ಮೂಡಿಸುವ ವೇಗ ಹೆಚ್ಚಿಸುವ ಸೋಡಿಯಂ, ಆಟದ ಲೆಕ್ಕಾಚಾರ ಹಗುರ ಮಾಡುವ ಲಿಥಿಯಂ, ಹಾಕಿದ ಮಾಡ್‌ಗಳ ಪಟ್ಟಿ ತೋರಿಸುವ ಮಾಡ್ ಮೆನು ಒಳ್ಳೆಯ ಆರಂಭ. ಜಾರನ್ನು ಅನ್‌ಜಿಪ್ ಮಾಡಬೇಡಿ. ಕೆಲವು ಬ್ರೌಸರ್‌ಗಳು ಹೆಸರಿನ ಕೊನೆಗೆ ಜಿಪ್ ಸೇರಿಸಿಬಿಡುತ್ತವೆ. ವಿಂಡೋಸ್ ವಿಸ್ತರಣೆಯನ್ನು ಅಡಗಿಸುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಎಕ್ಸ್‌ಪ್ಲೋರರಿನಲ್ಲಿ ಫೈಲ್ ವಿಸ್ತರಣೆ ತೋರಿಸುವ ಆಯ್ಕೆಯನ್ನು ಶಾಶ್ವತವಾಗಿ ತೆರೆದಿಡಿ.

ಅಧಿಕೃತ ಲಾಂಚರಿನ ಎಲ್ಲ ಪ್ರೊಫೈಲ್‌ಗಳೂ ಒಂದೇ ಮಾಡ್ಸ್ ಫೋಲ್ಡರನ್ನು ಓದುತ್ತವೆ. ಇವತ್ತು ಫ್ಯಾಬ್ರಿಕ್, ನಾಳೆ ಫೋರ್ಜ್ ಎಂದರೆ ಎರಡೂ ಅಲ್ಲೇ ಬೆರೆಯುತ್ತವೆ. ಇನ್‌ಸ್ಟಾಲೇಶನ್ಸ್ ಟ್ಯಾಬಿನಲ್ಲಿ ಪ್ರೊಫೈಲನ್ನು ಎಡಿಟ್ ಮಾಡಿ, ಗೇಮ್ ಡೈರೆಕ್ಟರಿ ಎಂಬಲ್ಲಿ ಬೇರೆ ಫೋಲ್ಡರ್ ಕೊಟ್ಟರೆ ಆ ಪ್ರೊಫೈಲಿಗೆ ಅದರದೇ ಮಾಡ್ಸ್, ಅದರದೇ ಸೇವ್ಸ್ ಇರುತ್ತವೆ. ಪ್ರಿಸಂ ಲಾಂಚರಿನಂಥ ಬೇರೆ ಲಾಂಚರ್‌ಗಳು ಇದನ್ನು ತಾವೇ ಮಾಡುತ್ತವೆ. ಎರಡಕ್ಕಿಂತ ಹೆಚ್ಚು ಮಾಡ್ ಸಮೂಹ ಇಟ್ಟುಕೊಳ್ಳುವವರು ಅತ್ತ ಹೋಗುವುದೇ ಮೇಲು.

ಜಾವಾ

1.16.5 ಮತ್ತು ಅದಕ್ಕಿಂತ ಹಳೆಯದಕ್ಕೆ ಜಾವಾ 8, 1.17ಕ್ಕೆ 16, 1.18ರಿಂದ 1.20.4ರವರೆಗೆ 17, 1.20.5ರಿಂದ 1.21ರ ಸರಣಿಯವರೆಗೆ 21. ಅಧಿಕೃತ ಲಾಂಚರ್ ಸರಿಯಾದ ಜಾವಾವನ್ನು ತಾನೇ ತರುತ್ತದೆ, ಆದ್ದರಿಂದ ಆಡಲು ಪ್ರತ್ಯೇಕವಾಗಿ ಹಾಕಬೇಕಿಲ್ಲ. ಸ್ವಂತ ಸರ್ವರ್ ನಡೆಸುವಾಗ, ಬೇರೆ ಲಾಂಚರ್ ಬಳಸುವಾಗ ಈ ಪಟ್ಟಿ ಬೇಕಾಗುತ್ತದೆ. ಲಾಗ್‌ನಲ್ಲಿ ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎಂದು ಬಂದು ಜೊತೆಗೆ 61.0 ಎಂದಿದ್ದರೆ ಆ ಮಾಡ್ ಜಾವಾ 17 ಕೇಳುತ್ತಿದೆ, 65.0 ಎಂದರೆ 21. 52.0 ಎಂಬುದು ಜಾವಾ 8. ಸಂಖ್ಯೆಯಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ.

ಮೆಮೊರಿಯ ಮಾತೂ ಇಲ್ಲೇ ಮುಗಿಸೋಣ. ಲಾಂಚರ್ ಸಾಮಾನ್ಯವಾಗಿ ಆಟಕ್ಕೆ 2 ಜಿಬಿ ಮಾತ್ರ ಕೊಡುತ್ತದೆ. ಪ್ರೊಫೈಲಿನ ಮೋರ್ ಆಪ್ಷನ್ಸ್‌ನಲ್ಲಿ ಜೆವಿಎಂ ಆರ್ಗ್ಯುಮೆಂಟ್ಸ್ ಸಾಲಿನ ಶುರುವಿನಲ್ಲಿ ಆ 2ಜಿ ಕಾಣುತ್ತದೆ. ದೊಡ್ಡ ಮಾಡ್ ಸಮೂಹಕ್ಕೆ ಅದನ್ನು 4ಜಿ ಮಾಡಿ. ಯಂತ್ರದಲ್ಲಿರುವುದೇ 8 ಜಿಬಿ ಆದರೆ 4ಕ್ಕೆ ನಿಲ್ಲಿ. ಪೂರಾ ಆಟಕ್ಕೇ ಕೊಟ್ಟರೆ ವಿಂಡೋಸ್‌ಗೆ ಜಾಗ ಉಳಿಯದೆ ಡಿಸ್ಕಿಗೆ ಬರೆಯತೊಡಗಿ ಎಲ್ಲವೂ ನಿಧಾನವಾಗುತ್ತದೆ.

ಕ್ರ್ಯಾಶ್ ಆದಾಗ ಎಲ್ಲಿ ನೋಡುವುದು

ಲಾಂಚರ್ ತೋರಿಸುವ ಎಕ್ಸಿಟ್ ಕೋಡ್ 1 ಏನನ್ನೂ ಹೇಳುವುದಿಲ್ಲ. ಆಟದ ಫೋಲ್ಡರಿನ ಕ್ರ್ಯಾಶ್-ರಿಪೋರ್ಟ್ಸ್‌ನಲ್ಲಿ ಇತ್ತೀಚಿನ ಫೈಲ್ ನೋಡಿ. ಅದಿಲ್ಲದಿದ್ದರೆ ಲಾಗ್ಸ್ ಒಳಗಿನ ಲೇಟೆಸ್ಟ್. ಉದ್ದ ಕಂಡು ಗಾಬರಿ ಬೇಡ. ಕಾಸ್ಡ್ ಬೈ ಎಂದು ಇಂಗ್ಲಿಷಿನಲ್ಲಿ ಹುಡುಕಿ, ಎಲ್ಲಕ್ಕಿಂತ ಕೆಳಗಿರುವುದನ್ನು ಓದಿ. ಮೂಲ ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ, ಮೇಲಿನವು ಅದರ ಪರಿಣಾಮ.

ಇನ್‌ಕಂಪ್ಯಾಟಿಬಲ್ ಮಾಡ್ಸ್ ಎಂಬ ಕಿಟಕಿ ಬಂದರೆ ಅದೃಷ್ಟ. ಯಾವ ಮಾಡ್‌ಗೆ ಯಾವುದರ ಯಾವ ಆವೃತ್ತಿ ಬೇಕು ಎಂದು ಫ್ಯಾಬ್ರಿಕ್ ಅಲ್ಲೇ ಬರೆದಿರುತ್ತದೆ, ಅದನ್ನು ತಂದು ಹಾಕಿದರೆ ಮುಗಿಯಿತು. ನೋ ಸಚ್ ಮೆಥಡ್ ಅಥವಾ ನೋ ಕ್ಲಾಸ್ ಡೆಫ್ ಎಂದು ಬಂದರೆ ಒಂದು ಮಾಡ್ ಹುಡುಕುತ್ತಿರುವ ಕೋಡ್ ಅಲ್ಲಿಲ್ಲ: ಬೇರೆ ಆವೃತ್ತಿಯ ಫೈಲ್ ಇದೆ, ಇಲ್ಲವೇ ಅದಕ್ಕೆ ಬೇಕಾದ ಲೈಬ್ರರಿ ಮಾಡ್ (ಫ್ಯಾಬ್ರಿಕ್ ಎಪಿಐಯಂತೆ ಇತರ ಮಾಡ್‌ಗಳಿಗೆ ಆಧಾರವಾಗುವ ಮಾಡ್) ಇಲ್ಲ. ಮಿಕ್ಸಿನ್ ಅಪ್ಲೈ ಫೇಲ್ಡ್ ಎಂದರೆ ಹೆಚ್ಚಾಗಿ ಎರಡು ಮಾಡ್‌ಗಳು ಒಂದೇ ಜಾಗಕ್ಕೆ ಕೈಹಾಕಿವೆ. ಆ ಸಾಲಿನಲ್ಲೇ ಇರುವ ಮಿಕ್ಸಿನ್ಸ್ ಜೇಸನ್ ಫೈಲಿನ ಹೆಸರಿನಿಂದ ಮಾಡ್ ಯಾವುದೆಂದು ಗೊತ್ತಾಗುತ್ತದೆ. ಸೋಡಿಯಂ ಮತ್ತು ಆಪ್ಟಿಫೈನ್ ಎಂಬ ಇನ್ನೊಂದು ವೇಗದ ಮಾಡ್ ಜೊತೆಯಾಗಿ ನಡೆಯದಿರುವುದೂ ಇದೇ ಕಾರಣಕ್ಕೆ: ಎರಡೂ ಚಿತ್ರ ಮೂಡಿಸುವ ಕೋಡನ್ನೇ ಬದಲಿಸುತ್ತವೆ. -1073741819 ಎಂಬ ಕೋಡ್ ಬಂದರೆ ಜಾವಾದ ಹೊರಗೆ, ಬಹಳ ಸಲ ಗ್ರಾಫಿಕ್ಸ್ ಡ್ರೈವರಿನಲ್ಲಿ, ತೊಂದರೆ. ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ.

ಎಲ್ಲಕ್ಕಿಂತ ಗೊಂದಲ ಹುಟ್ಟಿಸುವುದು ದೋಷವೇ ಕಾಣದ ಸ್ಥಿತಿ: ಆಟ ಚೆನ್ನಾಗಿ ತೆರೆಯುತ್ತದೆ, ಮಾಡ್ ಮಾತ್ರ ಇಲ್ಲ. ಫ್ಯಾಬ್ರಿಕ್‌ಗೆ ಫೋರ್ಜ್ ಮಾಡ್ ಹಾಕಿದಾಗ ಹೀಗಾಗುತ್ತದೆ. ಲೋಡರ್ ಅದನ್ನು ತನ್ನದಲ್ಲವೆಂದು ಲಾಗ್‌ನಲ್ಲಿ ಬರೆದು ಬಿಟ್ಟುಬಿಡುತ್ತದೆ.

ಲಾಗ್‌ನಿಂದಲೂ ತಿಳಿಯದಿದ್ದರೆ ಅರ್ಧರ್ಧ ಮಾಡಿ. 40 ಮಾಡ್‌ಗಳಿದ್ದರೆ 20ನ್ನು ಬೇರೆ ಫೋಲ್ಡರಿಗೆ ಸರಿಸಿ ಆಟ ತೆರೆಯಿರಿ. ಕ್ರ್ಯಾಶ್ ಆದರೆ ದೋಷಿ ಉಳಿದ 20ರಲ್ಲಿದೆ, ಆಗದಿದ್ದರೆ ಸರಿಸಿದ್ದರಲ್ಲಿ. ಹೆಚ್ಚೆಂದರೆ 6 ಸುತ್ತಿನಲ್ಲಿ ಒಂದೇ ಉಳಿಯುತ್ತದೆ. ಲೈಬ್ರರಿ ಮಾಡ್‌ಗಳನ್ನು ಮಾತ್ರ ಸರಿಸಬಾರದು, ಅವನ್ನು ತೆಗೆದರೆ ಹೊಸ ದೋಷ ಹುಟ್ಟಿ ದಾರಿ ತಪ್ಪುತ್ತದೆ. ಈ ಪರೀಕ್ಷೆಯನ್ನು ಹೊಸ ಪ್ರಪಂಚದಲ್ಲೇ ಮಾಡಬೇಕು, ನಿಮ್ಮ ಹಳೆಯ ಪ್ರಪಂಚದಲ್ಲಿ ಖಂಡಿತ ಬೇಡ.

ಯಾಕೆಂದರೆ ಹೊಸ ಬ್ಲಾಕ್, ಹೊಸ ವಸ್ತು ಸೇರಿಸುವ ಮಾಡ್ ತೆಗೆದು ಪ್ರಪಂಚ ತೆರೆದರೆ ಆ ಬ್ಲಾಕ್‌ಗಳು ಗಾಳಿಯಾಗುತ್ತವೆ. ಆ ಸ್ಥಿತಿಯಲ್ಲಿ ಸೇವ್ ಆದ ಜಾಗಕ್ಕೆ ಮಾಡ್ ಮತ್ತೆ ಹಾಕಿದರೂ ಅವು ಬರುವುದಿಲ್ಲ, ತಿಂಗಳುಗಟ್ಟಲೆ ಕಟ್ಟಿದ ಮನೆ ಹೋದಂತೆಯೇ. ಮಾಡ್ ಹಾಕುವ, ತೆಗೆಯುವ, ಅಪ್‌ಡೇಟ್ ಮಾಡುವ ಮುನ್ನ ಸೇವ್ಸ್ ಫೋಲ್ಡರಿನ ನಕಲು ಬೇರೆಡೆ ಇಡಿ. ಸೋಡಿಯಂನಂಥ ವೇಗದ ಮಾಡ್‌ಗಳು ಪ್ರಪಂಚಕ್ಕೆ ಏನನ್ನೂ ಸೇರಿಸುವುದಿಲ್ಲ, ಅವನ್ನು ನಿಶ್ಚಿಂತೆಯಿಂದ ತೆಗೆಯಬಹುದು.

ಗೆಳೆಯರ ಸರ್ವರಿಗೆ ಹೋಗುವಾಗಲೂ ಇದೇ ಭೇದ. ಹೊಸ ಬ್ಲಾಕ್ ತರುವ ಮಾಡ್ ಸರ್ವರ್ ಮತ್ತು ಆಡುವ ಪ್ರತಿಯೊಬ್ಬರಲ್ಲೂ ಒಂದೇ ಆವೃತ್ತಿಯದ್ದಿರಬೇಕು. ಸೋಡಿಯಂ ಆಡುವವರಲ್ಲಿ ಮಾತ್ರ ಸಾಕು. ಲಿಥಿಯಂ ಸರ್ವರಿನಲ್ಲಿ ಮಾತ್ರ ಇದ್ದರೂ ಕೆಲಸ ಮಾಡುತ್ತದೆ. ತೆರೆಗೆ ಸಂಬಂಧಿಸಿದ ಮಾಡನ್ನು ಫೋರ್ಜ್ ಸರ್ವರಿಗೆ ಹಾಕಿದರೆ, ಅಲ್ಲಿ ಇಲ್ಲದ ಕ್ಲೈಂಟ್ (ಆಡುವವರ ಕಡೆಯ) ಕ್ಲಾಸನ್ನು ಹುಡುಕಿ ಸರ್ವರ್ ಏಳದೇ ಇರಬಹುದು.

ಎಲ್ಲಿಂದ ಇಳಿಸುವುದು

ಮಾಡ್ರಿಂತ್ ಮತ್ತು ಕರ್ಸ್‌ಫೋರ್ಜ್ ತಾಣಗಳು, ಇಲ್ಲವೇ ಮಾಡ್ ಬರೆದವರು ತಾವೇ ಕೊಟ್ಟ ಕೊಂಡಿ. ಹುಡುಕಿದಾಗ ಮೇಲೆ ಬರುವ ಮರುಹಂಚಿಕೆ ತಾಣಗಳು ಬೇಡ. ಅವು ಹಳೆಯ ಫೈಲಿಗೆ ಹೊಸ ಆವೃತ್ತಿಯ ಸಂಖ್ಯೆ ಅಂಟಿಸುತ್ತವೆ, ಕೆಲವೊಮ್ಮೆ ಫೈಲನ್ನೇ ಬದಲಿಸುತ್ತವೆ. ಜಾರ್ ಮಾಡ್‌ಗೆ ಯಾವ ಬೇಲಿಯೂ ಇಲ್ಲ, ನಿಮ್ಮ ಖಾತೆಗೆ ಏನೆಲ್ಲ ಸಾಧ್ಯವೋ ಅದಕ್ಕೂ ಅಷ್ಟೂ ಸಾಧ್ಯ. 2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಎಂಬ ಕುತಂತ್ರಾಂಶ ಕರ್ಸ್‌ಫೋರ್ಜ್‌ನಲ್ಲೇ ಕೆಲವು ಖಾತೆಗಳ ಮೂಲಕ ಹರಡಿತು. ಅದು ಯಂತ್ರದ ಇತರ ಜಾರ್‌ಗಳಿಗೂ ಅಂಟಿಕೊಂಡು, ಬ್ರೌಸರ್ ಕುಕಿಗಳನ್ನೂ ಲಾಗಿನ್ ಟೋಕನ್‌ಗಳನ್ನೂ ಕದಿಯುತ್ತಿತ್ತು. ಮನೆಯವರ ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರಿನಲ್ಲೇ ಮಕ್ಕಳು ಆಡುವುದಾದರೆ ಅವರಿಗೆ ಅಡ್ಮಿನ್ ಅಲ್ಲದ ಪ್ರತ್ಯೇಕ ವಿಂಡೋಸ್ ಖಾತೆ ಮಾಡಿಕೊಡಿ. ನಿನ್ನೆ ಮೊನ್ನೆ ಬಂದ, ಯಾರೂ ಬಳಸದ ಮಾಡನ್ನು ಕೆಲವು ದಿನ ಬಿಟ್ಟು ಹಾಕಿದರೆ ನಷ್ಟವೇನಿಲ್ಲ.

ಸಹಾಯ ಕೇಳುವಾಗ ಪರದೆಯ ಫೋಟೊ ಸಾಲದು. ಆಟದ ಆವೃತ್ತಿ, ಲೋಡರಿನ ಹೆಸರು ಮತ್ತು ಸಂಖ್ಯೆ, ಕೊನೆಯದಾಗಿ ಏನು ಬದಲಿಸಿದಿರಿ ಎಂಬುದು, ಜೊತೆಗೆ ಲೇಟೆಸ್ಟ್ ಲಾಗ್ ಇಡಿಯಾಗಿ ಕೊಡಿ. ಕಳಿಸುವ ಮುನ್ನ ಅದನ್ನೊಮ್ಮೆ ತೆರೆದು ನೋಡಿ: ವಿಂಡೋಸ್ ಖಾತೆಗೆ ನಿಮ್ಮ ಪೂರ್ಣ ಹೆಸರಿಟ್ಟಿದ್ದರೆ ಫೋಲ್ಡರ್ ದಾರಿಗಳಲ್ಲಿ ಅದು ಕಾಣಿಸಬಹುದು, ಅಲ್ಲಿ ಅಳಿಸಿ.