ಸೀರಿಯಲ್ ಕೇಬಲ್ ಹಾಕಿದರೂ ಫೈಲ್ ದಾಟುತ್ತಿಲ್ಲ, ಯಾಕೆ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮ ಕಾಫಿ ತೋಟ. ಹಳೇ ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ), ಕಾಫಿ, ಮೆಣಸಿನ ಲೆಕ್ಕವೆಲ್ಲ ವಿಂಡೋಸ್ 98 ಕಂಪ್ಯೂಟರಿನಲ್ಲಿದೆ. ಅದು ಪೆನ್‌ಡ್ರೈವ್ ಗುರುತು ಹಿಡಿಯುವುದಿಲ್ಲ, ಫ್ಲಾಪಿ ಡ್ರೈವ್ ಕೆಟ್ಟಿದೆ. ಸೀರಿಯಲ್ ಕೇಬಲ್ ತಂದು ಲ್ಯಾಪ್‌ಟಾಪಿಗೆ ಜೋಡಿಸಿದೆ. ಒಂದಕ್ಷರವೂ ದಾಟಲಿಲ್ಲ. ಕೇಬಲ್ ಹಾಳಾಗಿದೆಯಾ?

ಉತ್ತರ: ಕೇಬಲ್ ಚೆನ್ನಾಗೇ ಇರಬಹುದು. ಆದರೆ ಈ ಕೆಲಸದ್ದಲ್ಲ. ಸುಮ್ನೆ ‘ಸೀರಿಯಲ್ ಕೇಬಲ್’ ಅಂತ ಕೇಳಿದರೆ ಅಂಗಡಿಯವರು ನೇರ ಕೇಬಲ್, ಅಂದರೆ ಒಂದು ತುದಿಯ ಪಿನ್ನನ್ನು ಇನ್ನೊಂದು ತುದಿಯ ಅದೇ ನಂಬರಿನ ಪಿನ್ನಿಗೆ ಸೇರಿಸುವ ಕೇಬಲ್ ಕೊಟ್ಟುಬಿಡುತ್ತಾರೆ. ನಾನೂ ಹಾಗೇ ತಂದು ಒಂದು ಸಂಜೆ ಹಾಳು ಮಾಡಿಕೊಂಡಿದ್ದೇನೆ. ಅದು ಕಂಪ್ಯೂಟರಿಗೆ ಮೋಡೆಮ್ (ಫೋನ್ ಲೈನಿನಲ್ಲಿ ಡೇಟಾ ಕಳಿಸುವ ಪೆಟ್ಟಿಗೆ) ಜೋಡಿಸುವ ಕೇಬಲ್. 1960ರಲ್ಲಿ ಬಂದ ಆರ್‌ಎಸ್-232 ಎಂಬ ಈ ಸೀರಿಯಲ್ ಜೋಡಣೆಯ ಪದ್ಧತಿ ಹುಟ್ಟಿದ್ದೇ ಮೋಡೆಮ್‌ಗಾಗಿ.

ಒಂಬತ್ತು ಪಿನ್ನಿನ ಪೋರ್ಟಿನಲ್ಲಿ ಕಂಪ್ಯೂಟರ್ ಮಾತಾಡುವುದು 3ನೇ ಪಿನ್ನಿನಿಂದ, ಕೇಳಿಸಿಕೊಳ್ಳುವುದು 2ರಿಂದ. ನೇರ ಕೇಬಲ್ ಹಾಕಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಸಿಕ್ಕಿಸಿದ ಹಾಗೆ. ನಿಮಗೆ ಬೇಕಾದದ್ದು ‘ನಲ್ ಮೋಡೆಮ್’ ಕೇಬಲ್. ಅದರಲ್ಲಿ 2 ಮತ್ತು 3 ಅದಲುಬದಲು, 7 ಮತ್ತು 8 ಕೂಡ. 5 ಮಾತ್ರ ನೇರ, ಅದು ಗ್ರೌಂಡ್.

ಕೊಳ್ಳುವ ಮೊದಲು ಹಳೇ ಕಂಪ್ಯೂಟರಿನ ಪೋರ್ಟ್ ಬದುಕಿದೆಯಾ ನೋಡಿ. ವಿಂಡೋಸ್ 98ರಲ್ಲೇ ಬರುವ ಹೈಪರ್‌ಟರ್ಮಿನಲ್ ಪ್ರೋಗ್ರಾಂ ತೆರೆದು ಆ ಪೋರ್ಟ್ ಆರಿಸಿ, ಫ್ಲೋ ಕಂಟ್ರೋಲ್ (ಡೇಟಾ ತಡೆದು ಬಿಡುವ ಏರ್ಪಾಡು) ಈ ಪರೀಕ್ಷೆಗೆ ಮಾತ್ರ ತೆಗೆದುಹಾಕಿ. ಸಣ್ಣ ತಂತಿಯಿಂದ 2 ಮತ್ತು 3ನ್ನು ಮಾತ್ರ ಒಂದಕ್ಕೊಂದು ಸೇರಿಸಿ. ಕೀಲಿ ಒತ್ತಿದ ಅಕ್ಷರ ತೆರೆಯ ಮೇಲೆ ಬಂದು, ತಂತಿ ತೆಗೆದಾಗ ನಿಂತರೆ ಪೋರ್ಟ್ ಸರಿಯಿದೆ. ನಮ್ಮಲ್ಲಿ ಈ ಪರೀಕ್ಷೆ ಬೇಕೇ ಬೇಕು. ಹೂಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಹೊತ್ತಿನ ಸಿಡಿಲಿಗೆ, ಕೇಬಲ್ ಬಿಚ್ಚದೆ ಮಲಗಿ, ನನ್ನದೊಂದು ಪೋರ್ಟ್ ಹೋಗಿದೆ.

ಹೊಸ ಲ್ಯಾಪ್‌ಟಾಪಿನಲ್ಲಿ ಈ ಪೋರ್ಟ್ ಇರುವುದಿಲ್ಲ, ಯುಎಸ್‌ಬಿ ಅಡಾಪ್ಟರ್ ಹಾಕಿ. ಲ್ಯಾಪ್‌ಟಾಪಿನಲ್ಲಿ ಹೈಪರ್‌ಟರ್ಮಿನಲ್ಲೂ ಇಲ್ಲ, ಉಚಿತವಾಗಿ ಸಿಗುವ ಟೆರಾ ಟರ್ಮ್ ಸಾಕು. ಎರಡೂ ಕಡೆ ಒಂದೇ ಸೆಟ್ಟಿಂಗ್ ಇರಲಿ: ವೇಗ 115200, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಹಾರ್ಡ್‌ವೇರ್. ಆಮೇಲೆ ಈ ಪ್ರೋಗ್ರಾಂಗಳಲ್ಲಿರುವ ಝಡ್‌ಮೋಡೆಮ್ ಎಂಬ ಫೈಲ್ ಕಳಿಸುವ ವಿಧಾನದಲ್ಲಿ ಫೈಲ್ ಕಳಿಸಿ. ಮಧ್ಯೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಸುವ ಅನುಕೂಲ ಅದರಲ್ಲಿದೆ. ಮಳೆಗಾಲದ ಕೊಡಗಿನಲ್ಲಿ ಅದು ಸಣ್ಣ ಮಾತಲ್ಲ, ಅಲ್ವಾ?

ಒಂದು ಬೈಟಿಗೆ ಹತ್ತು ಬಿಟ್ ಹೋಗುವುದರಿಂದ ಸೆಕೆಂಡಿಗೆ ಜಾಸ್ತಿ ಅಂದರೆ 11,520 ಬೈಟ್. ಎರಡು ಎಂಬಿ ಲೆಕ್ಕದ ಫೈಲ್‌ಗೆ ಮೂರು ನಿಮಿಷ. ನೂರು ಎಂಬಿ ಫೋಟೋಗೆ ಎರಡೂವರೆ ಗಂಟೆ. ಫೋಟೋಗಳೂ ಇದ್ದರೆ ಈ ಸರ್ಕಸ್ ಬೇಡ. ಹಾರ್ಡ್ ಡಿಸ್ಕನ್ನೇ ಬಿಚ್ಚಿ, ಐಡಿಇ-ಯುಎಸ್‌ಬಿ ಅಡಾಪ್ಟರಿನಿಂದ (ಐಡಿಇ ಅಂದರೆ ಹಳೇ ಡಿಸ್ಕಿನ ಜೋಡಣೆ) ಲ್ಯಾಪ್‌ಟಾಪಿಗೆ ಹಾಕಿ.