ನೆಕ್ಕಿಸಿಕೊಂಡ ಮರಿ, ನೆಕ್ಕುವ ತಾಯಿ

ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಇಲಿಗಳಲ್ಲೂ ಇದು ನಿಜ: ಮರಿಗಳನ್ನು ಜಾಸ್ತಿ ನೆಕ್ಕುವ ತಾಯಿಯ ಮಗಳೂ ತನ್ನ ಮರಿಗಳನ್ನು ಜಾಸ್ತಿ ನೆಕ್ಕುತ್ತಾಳೆ. ಆದರೆ ಈ ಗುಣ ರಕ್ತದಲ್ಲೇ ಬರುತ್ತದಾ, ಗೂಡಿನಲ್ಲಿ ಕಲಿತು ಬರುತ್ತದಾ? ಜಗಳ ಇರುವುದೇ ಇಲ್ಲಿ.

ಈ ಹುಡುಕಾಟ ಶುರುವಾಗಿದ್ದು 1950ರ ದಶಕದಲ್ಲಿ. ಮರಿಗಳನ್ನು ದಿನಾ ಕೆಲವು ನಿಮಿಷ ಗೂಡಿನಿಂದ ಎತ್ತಿಟ್ಟರೆ, ದೊಡ್ಡವಾದ ಮೇಲೆ ಅವು ಒತ್ತಡ ತಡೆದುಕೊಳ್ಳುವ ರೀತಿಯೇ ಬದಲಾಗುತ್ತದೆ ಎಂದು ವಿಜ್ಞಾನಿ ಸೆಮೋರ್ ಲೆವಿನ್ ತೋರಿಸಿದರು. ಮನುಷ್ಯರ ಕೈ ಸೋಕಿದ್ದರಿಂದ ಹೀಗಾಯಿತು ಅಂತ ಬಹಳ ಕಾಲ ಅಂದುಕೊಂಡಿದ್ದರು. ಆಮೇಲೆ ಗಮನ ತಾಯಿಯ ಕಡೆ ಹೋಯಿತು. ವಾಪಸ್ ಬಂದ ಮರಿಯನ್ನು ಅವಳು ಜಾಸ್ತಿ ನೆಕ್ಕುತ್ತಿದ್ದಳು.

ಇಲಿಮರಿಗೆ ಹುಟ್ಟಿದಾಗ ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ. ತಾಯಿ ನೆಕ್ಕಿದರೇ ಮೂತ್ರ ಹೋಗುವುದು. ಆದರೆ ಎಲ್ಲ ತಾಯಂದಿರೂ ಒಂದೇ ಸಮ ನೆಕ್ಕುವುದಿಲ್ಲ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ತಂಡ ಈ ವ್ಯತ್ಯಾಸವನ್ನೇ ಹಿಡಿದು ಹೊರಟಿತು. 1999ರಲ್ಲಿ ಅವರು ಮರಿಗಳನ್ನು ಅದಲುಬದಲು ಮಾಡಿದರು. ಕಡಿಮೆ ನೆಕ್ಕುವವಳ ಹೆಣ್ಣುಮರಿ ಜಾಸ್ತಿ ನೆಕ್ಕುವವಳ ಮಡಿಲಲ್ಲಿ ಬೆಳೆಯಿತು. ದೊಡ್ಡದಾಗಿ ತಾನೇ ತಾಯಿಯಾದಾಗ ಸಾಕಿದವಳ ಹಾಗೇ ನೆಕ್ಕಿತು, ಹೆತ್ತವಳ ಹಾಗಲ್ಲ. ನನಗೆ ಇಡೀ ಕಥೆಯಲ್ಲಿ ಅತಿ ಮುಖ್ಯ ಅನ್ನಿಸುವ ಪ್ರಯೋಗ ಇದೇ.

2004ರಲ್ಲಿ ಇದೇ ಗುಂಪು ಮಿದುಳಿನೊಳಗೆ ನೋಡಿತು. ಜಾಸ್ತಿ ನೆಕ್ಕಿಸಿಕೊಂಡ ಮರಿಗಳಲ್ಲಿ ಒತ್ತಡದ ಹಾರ್ಮೋನಿಗೆ ಸ್ಪಂದಿಸುವ ಜೀನಿನ ಮೇಲಿನ ರಾಸಾಯನಿಕ ಗುರುತುಗಳೇ ಬೇರೆ ಇದ್ದವು. ಜೀನು ಅದೇ, ಅದು ಕೆಲಸ ಮಾಡುವ ಪ್ರಮಾಣ ಬೇರೆ.

ಕೆನಡಾದಲ್ಲೇ ಆಲಿಸನ್ ಫ್ಲೆಮಿಂಗ್ ತಂಡ ಮರಿಗಳನ್ನು ತಾಯಿಯಿಲ್ಲದೆ ಬೆಳೆಸಿತು. ಪ್ಲಾಸ್ಟಿಕ್ ಲೋಟದಲ್ಲಿ ಒಂಟಿ ಮರಿ, ನಳಿಕೆಯಲ್ಲಿ ಹಾಲು. ಹೊಟ್ಟೆ ತುಂಬುತ್ತಿತ್ತು. ಆದರೂ ಅವು ತಾಯಿಯಾದಾಗ ತಮ್ಮ ಮರಿಗಳನ್ನು ಕಡಿಮೆ ನೆಕ್ಕಿದವು. ಚಿಕ್ಕಂದಿನಲ್ಲಿ ಒದ್ದೆ ಬ್ರಷ್‌ನಿಂದ ಮೈ ಸವರಿಸಿಕೊಂಡ ಮರಿಗಳಲ್ಲಿ ಈ ಕೊರತೆ ಸ್ವಲ್ಪ ಕಡಿಮೆಯಿತ್ತು. ಹಾಲಿನಷ್ಟೇ ಸ್ಪರ್ಶವೂ ಬೇಕು, ಅಲ್ವಾ?

ಇಷ್ಟು ತಿಳಿದ ಮೇಲೆ ಮಾತು ಸುಲಭವಾಗಿ 'ಒಳ್ಳೆ ತಾಯಿ, ಕೆಟ್ಟ ತಾಯಿ' ಅನ್ನುವ ಕಡೆ ಹೊರಳಿತು. ಅಲ್ಲಿಗೇ ನಿಂತರೆ ಅರ್ಧ ಕಥೆ ಮಾತ್ರ ಹೇಳಿದಂತೆ. ಹುಲ್ಲುಗಾವಲಿನ ವೋಲ್ ಎಂಬ ಇಲಿಜಾತಿಯಲ್ಲಿ ಅಪ್ಪನೂ ಮರಿ ನೋಡಿಕೊಳ್ಳುತ್ತಾನೆ. ಅವನಿಲ್ಲದ ಗೂಡಿನಲ್ಲಿ ಮರಿಗಳಿಗೆ ಸಿಗುವ ನೆಕ್ಕುವಿಕೆಯೇ ಕಡಿಮೆ. ಗೂಡಿನ ಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ವಿಜ್ಞಾನಿ ತಾಲಿ ಬರಮ್ ಅವರ ಪ್ರಯೋಗಾಲಯದಲ್ಲಿ ತಾಯಿ ಇಲಿಯನ್ನು ಮುಟ್ಟಲೇ ಇಲ್ಲ. ಗೂಡು ಕಟ್ಟಲು ಬೇಕಾದ ಸಾಮಾನನ್ನಷ್ಟೇ ಕಡಿಮೆ ಕೊಟ್ಟರು. ತಾಯಿ ಮರಿಗಳನ್ನು ಬಿಟ್ಟುಹೋಗಲಿಲ್ಲ. ಆದರೆ ನೆಕ್ಕುವುದು ತುಂಡುತುಂಡಾಯಿತು. ಒಂದು ಮರಿಯನ್ನು ನೆಕ್ಕುತ್ತಿದ್ದವಳು ನಡುವೆಯೇ ಎದ್ದುಹೋಗುತ್ತಿದ್ದಳು, ಮತ್ತೆ ಬರುತ್ತಿದ್ದಳು.